ಕರ್ಮಣಿ ಪ್ರಯೋಗ

ಭಟ್ಟಿಯ ಮಸಿ ಕಿಟಕಿಯ ಜಾಲರಿ ದಾಟಿ
ಸ್ಮಾರ್ಟ್ ಬೋರ್ಡಿನ ಅಂಚಿಗೆ ಬಂದು ಕೂರುತ್ತದೆ.
ಅದಕ್ಕೇ ಇರಬೇಕು,
ಮುಟ್ಟುವುದೊಂದು ಕಡೆ, ಗೆರೆ ಮೂಡುವುದು
ಎರಡು ಬೆರಳು ಬಲಕ್ಕೆ.
ಕಂಪನಿಯವನು ಬರುತ್ತೇನೆಂದು ದಸರೆ ಕಳೆಯಿತು.
ಒಂಬತ್ತನೇ ‘ಬಿ’ಯ ಹುಡುಗಿಯರು ಕಾಯಲಿಲ್ಲ,
ಎಡಕ್ಕೆ ಗುರಿಯಿಟ್ಟು ಒತ್ತುವುದನ್ನು ತಾವೇ ಕಲಿತರು.
ಈಗ ನೋಟ್‌ಬುಕ್ಕಿನಲ್ಲೂ ಮಾರ್ಜಿನ್ ತುಳಿಯುತ್ತಾರೆ.

ಬೋರ್ಡಿನ ಜೊತೆ ಬಂದ ವಾಕ್ಯಗಳಲ್ಲಿ
ಬಡಗಿಯು ಮರವನ್ನು ಕಡಿದನು,
ಬೇಡನು ಹುಲಿಯನ್ನು ಕೊಂದನು.
ದಾವಣಗೆರೆಯ ಆಜಾದ್ ನಗರಕ್ಕೆ ಹುಲಿ ಎಲ್ಲಿಂದ ತರಲಿ?
ನಿನ್ನೆ ರಾತ್ರಿ ಕೂತು ನಾನೇ ತುಂಬಿದೆ:
ಅಮ್ಮ ಮಂಡಕ್ಕಿಯನ್ನು ಹುರಿದಳು.

ಪದಗಳನ್ನು ಎಳೆದೆಳೆದು ಕರ್ಮಣಿಗೆ ತಿರುಗಿಸಬೇಕು.
ಸರಿಯಾದರೆ ಬೋರ್ಡೊಳಗಿಂದ ಚಪ್ಪಾಳೆ,
ಕಾದ ಮರಳಿಗೆ ಅಕ್ಕಿ ಬಿದ್ದ ಸದ್ದು.
ತಪ್ಪಾದರೆ ಎಮ್ಮೆ ಸೀನಿದಂತೆ ಒಂದು ಬುರ್ರ್.
ಹುಡುಗಿಯರಿಗೆ ಬುರ್ರೇ ಇಷ್ಟ.

ತಸ್ಮಿಯಾ ಎದ್ದಳು. ‘ಹುರಿದಳು’ವನ್ನು ಆಚೆ ತಳ್ಳಿ
‘ಹುರಿಯಲ್ಪಟ್ಟಿತು’ ಎಳೆತಂದಳು.
ಇನ್ನು ‘ಅಮ್ಮ’ನ ಬೆನ್ನಿಗೆ ‘ಇಂದ’ ಅಂಟಿಸಬೇಕು.
ಬೆರಳು ನಿಂತಿತು.

“ಮಿಸ್, ಹಿಂಗೆ ಯಾರ್ ಮಾತಾಡ್ತಾರೆ?”
ಯಾರೂ ಇಲ್ಲಮ್ಮ, ಪರೀಕ್ಷೆಗೆ ಎರಡು ಅಂಕ, ಅಂದೆ.
“ಇಲ್ಲ ಮಿಸ್, ನಮ್ ಭಟ್ಟಿ ಸಾಹುಕಾರ ಅದಾನೆ.
ಲೆಕ್ಕದ ಪುಸ್ತಕದಾಗೆ ಬರ್ಕಂತಾನೆ,
ನಲವತ್ತು ಚೀಲ ಹುರಿಯಲಾಯಿತು.
ಯಾರು ಹುರಿದ್ರು ಅಂತ ಇರಲ್ಲ.
ಶನಿವಾರ ಅಮ್ಮಿ ಕೂಲಿಗೆ ಹೋದ್ರೆ
ನೀನ್ಯಾರು ಅಂತಾನೆ.”

ಇಪ್ಪತ್ತೆರಡು ವರ್ಷ ಮಾಡಿದ ಪಾಠ ಇದು.
ಕರ್ತೃವನ್ನು ಬಿಟ್ಟರೂ ವಾಕ್ಯ ಪೂರ್ಣವೇ
ಎಂದು ಬಣ್ಣದ ಸೀಮೆಸುಣ್ಣದಲ್ಲಿ
ಕೆಳಗೆರೆ ಎಳೆದು ಬರೆಸಿದ್ದೇನೆ.

ಅವಳು ‘ಅಮ್ಮ’ನನ್ನು ಹಿಡಿದು ಮೊದಲ ಚೌಕಕ್ಕೇ ಒಯ್ದಳು,
‘ಹುರಿದಳು’ವನ್ನೂ ಕರೆತಂದಳು.
ಬುರ್ರ್. ಮತ್ತೆ ಒಯ್ದಳು. ಬುರ್ರ್.
ಮೂರನೆಯ ಸಲ ಕರೆಂಟು ಹೋಯಿತು,
ಬುರ್ರನ್ನು ತರಗತಿಯೇ ಬಾಯಲ್ಲಿ ಮುಗಿಸಿತು.

ನಾಲ್ಕಕ್ಕೆ ಅವಳ ಅಮ್ಮಿ ಬಂದಳು,
ವಿದ್ಯಾರ್ಥಿವೇತನದ ಅರ್ಜಿಗೆ ಹೆಬ್ಬೆಟ್ಟೊತ್ತಲು.
ಮರಳು ಸವೆಸಿದ ಬೆರಳು,
ರೇಷನ್ ಅಂಗಡಿಯ ಯಂತ್ರ ಮೂರು ತಿಂಗಳಿಂದ
ಗುರುತೇ ಹಿಡಿಯದ ಬೆರಳು.
ಕರೆಂಟು ಬಂದಿತ್ತು. ಮಗಳು ಕೈಹಿಡಿದು ಎಳೆದಳು:
“ಮುಟ್ಟು ಅಮ್ಮಿ, ಇದು ಯಾರ್ ಬೆರಳಾದ್ರೂ ಹಿಡಿತೈತೆ.”

ಮುಟ್ಟಿದಳು.
ಎರಡು ಬೆರಳು ಆಚೆ, ‘ಹುರಿದಳು’ವಿನ ಪಕ್ಕ
ಒಂದು ನೀಲಿ ಚುಕ್ಕೆ.
ಪೂರ್ಣವಿರಾಮವೋ ಅಂತ ನೋಡಿದೆ.
ಅವಳಿನ್ನೂ ಬೆರಳು ಎತ್ತಿರಲಿಲ್ಲ.