ಕೋರಂ

ಬೋರ್ಡಿನಲ್ಲಿ ಮಳಗೇರಾ.
ಒಳಗೆ ಕಪಾಟಿನಲ್ಲಿ ಅದೇ ಊರು
ಒಂದು ಕಡತಕ್ಕೆ ಮಲ್ಗೇರ, ಇನ್ನೊಂದಕ್ಕೆ ಮಾಲಗೀರ,
ತಳದ ಬಸ್ತಾದಲ್ಲಿ ಉರ್ದು, ಬಲದಿಂದ ಎಡಕ್ಕೆ,
ನನಗೆ ಓದಲು ಬಾರದ ಏನೋ ಒಂದು.
ಪಂಚಾಯ್ತಿ ಕಟ್ಟೆಯ ಫರಸಿ ಹನ್ನೊಂದಕ್ಕೇ ಕಾದಿದೆ.
ಪಿಡಿಒ ಸೇಡಂಗೆ ಮೀಟಿಂಗಿಗೆ ಹೋಗಿದ್ದಾರೆ.
ಹೋಗಿಯೇ ಇರುತ್ತಾರೆ.

ಠರಾವು ಪುಸ್ತಕ ಬಿಚ್ಚಿಕೊಂಡು ಕುಳಿತಿದ್ದೇನೆ,
ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ:
ಗ್ರಾಮಸಭೆಯಲ್ಲಿ ಹಾಜರಾತಿ.
ಹತ್ತರಲ್ಲಿ ಒಬ್ಬರು, ಇಲ್ಲವೇ ನೂರು ಮಂದಿ,
ಯಾವುದು ಕಮ್ಮಿಯೋ ಅದು. ಕಾಯ್ದೆ ಬಾಯಿಪಾಠ.
ಎಣಿಸಿದೆ. ನೂರಾ ಮೂರು, ನೂರಾ ಒಂದು, ನೂರಾ ಎರಡು.
ಇಷ್ಟು ಅಚ್ಚುಕಟ್ಟಾಗಿ ಊರು ಎಲ್ಲಿ ಕೂಡುತ್ತದೆ
ಮದುವೆಗಾದರೂ, ಮಣ್ಣಿಗಾದರೂ?

ಪೆನ್ಸಿಲ್ಲು ಒಂದು ರುಜುವಿನ ಮೇಲೆ ನಿಂತಿತು.
ಮರೆಪ್ಪ ತಂದೆ ಸಾಯಬಣ್ಣ.
ಹೋದ ಅಕ್ಟೋಬರಿನ ಸಭೆಗೂ ಬಂದಿದ್ದಾನೆ.
ಮರಣ ರಜಿಸ್ಟರಿನಲ್ಲಿ
ಅದಕ್ಕೆ ಮೂರು ವರ್ಷ ಮುಂಚೆಯೇ ಹೋಗಿದ್ದಾನೆ.
ಎರಡೂ ಪುಸ್ತಕ ಒಂದೇ ಮೇಜಿನ ಮೇಲೆ
ಹೆಗಲಿಗೆ ಹೆಗಲು ತಾಗಿಸಿ ಕುಳಿತಿವೆ,
ಚಿತ್ತಾಪುರದ ಬಸ್ಸಿನಲ್ಲಿ ಗುರುತಿಲ್ಲದವರ ಹಾಗೆ.

ನೀರುಗಂಟಿ ಮೌಲಾಲಿ ಮೋಟರ್ ಬಂದ್ ಮಾಡಿ ಬಂದ,
ಕೈ ಒರೆಸಿಕೊಂಡು ಅಂದ:
"ಪುಸ್ತಕ ಹೊತಗೊಂಡ್ ತಿರಗೋನು ನಾನೇ ರೀ ಮೇಡಂ.
ಅರ್ಧ ಮಂದಿ ತೊಗರಿ ರಾಶ್ಯಾಗ ಇರ್ತಾರ,
ಅರ್ಧ ಮಂದಿ ಪುಣೆದಾಗ ದುಡಿಲತ್ತಾರ.
ತೊಂಬತ್ತಾರು ಆತಂದ್ರ ನಾಕು ಕಮ್ಮಿ ಬೀಳ್ತದ.
ಮರೆಪ್ಪ ಛಲೋ ಮನಿಷ್ಯಾ ರೀ,
ಇದ್ದಾಗ ಒಂದು ಸಭಾ ತಪ್ಪಿಸಿದವಲ್ಲ.
ಸತ್ತಂದ್ರ ಬಿಡ್ತಾನೇನು?"
ನಕ್ಕೆ. ಅಂಚಿನಲ್ಲಿ 'ಸಾಂಸ್ಥಿಕ ವೈಫಲ್ಯ' ಎಂದು ಬರೆದೆ,
ಅಡಿಗೆರೆ ಎಳೆದೆ.

ಆಮೇಲೆ ಕಂಡದ್ದು ವಿಷಯ ಸಂಖ್ಯೆ ಏಳು.
ಕೆಳಗೇರಿ ಕಂಬಕ್ಕೆ ಲೈಟು ಹಾಕಿಸುವ ಬಗ್ಗೆ.
ಸೂಚಕರು: ಸಾಬಮ್ಮ ಗಂಡ ತಿಪ್ಪಣ್ಣ. ಸರ್ವಾನುಮತ.
ಮರುವರ್ಷ ಅದೇ, ಸಂಖ್ಯೆ ನಾಲ್ಕು.
ಅದರ ಮರುವರ್ಷ ಹನ್ನೊಂದು.
ಕಾರ್ಯದರ್ಶಿ ಬದಲಾದ, ಅಕ್ಷರ ಬದಲಾಯಿತು,
ಶಾಯಿ ನೇರಳೆಯಿಂದ ನೀಲಿಗೆ ತಿರುಗಿತು,
ಹೆಬ್ಬೆಟ್ಟು ಅದೇ. ಒಂಬತ್ತು ವರ್ಷ, ಒಂಬತ್ತು ಹೆಬ್ಬೆಟ್ಟು.
ಗೆರೆಗಳು ಸವೆಯುತ್ತ ಬಂದಿವೆ.
ಕೊನೆಯದರಲ್ಲಿ ಬರೀ ನೀಲಿ.

ಹುಡುಕಿಕೊಂಡು ಹೋದೆ. ಜೋಳ ಹಸನು ಮಾಡುತ್ತಿದ್ದಳು.
"ನಾ ಎಲ್ಲಿ ಸಭಾಕ್ಕ ಹೋಗೀನಿ ಯವ್ವಾ?
ಸಭಾನೇ ಮನಿಗಿ ಬರ್ತದ, ಮೌಲಾಲಿ ಬಗಲಾಗ.
ಲೈಟಿಂದು ಬರ್ಕೋ ಅಂತೀನಿ.
ಬರ್ಕೊಂಡೀನಿ ಅಂತಾನ. ಬೆಟ್ಟು ಒತ್ತತೀನಿ."
"ಲೈಟು ಬಂತೇನಮ್ಮಾ?"
"ಕಂಬ ಅದ."

ಈಗ ನನ್ನ ಸರದಿ.
ಚೀಲದಿಂದ ವಿಶ್ವವಿದ್ಯಾಲಯದ ಸಮ್ಮತಿ ಪತ್ರ ತೆಗೆದೆ,
ಮೂರು ಪುಟ. ಓದಿ ಹೇಳಿದೆ, ನಿಯಮ ಹಾಗಿದೆ:
ಈ ಅಧ್ಯಯನದಿಂದ ತಮಗೆ ನೇರ ಪ್ರಯೋಜನ ಇರುವುದಿಲ್ಲ.
ತಾವು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು.
"ಎಲ್ಲಿಗಿ?" ಅಂದಳು.
ನನಗೆ ತಿಳಿಯಲಿಲ್ಲ. ಇಂಕ್ ಪ್ಯಾಡಿನ ಮುಚ್ಚಳ ತೆಗೆದೆ.

ಪ್ಯಾಡನ್ನು ನೋಡಿದಳು, ನನ್ನನ್ನು ನೋಡಿದಳು.
ಜೋಳದ ಧೂಳು ಸೆರಗಿಗೆ ಒರೆಸಿ
ಹೇಳಿಸಿಕೊಳ್ಳದೆಯೇ ಎಡಗೈ ಚಾಚಿದಳು.
"ಇದು ಎಷ್ಟನೇದು ಯವ್ವಾ? ಇರ್ಲಿ.
ಇದರಾಗೂ ಲೈಟಿಂದು ಬರ್ಕೋ."

ಅದಕ್ಕೆ ಕಾಲಂ ಇರಲಿಲ್ಲ.
ವಯಸ್ಸು ಮತ್ತು ಜಾತಿಯ ನಡುವಿನ ಸಂದಿಯಲ್ಲಿ
ಸಣ್ಣ ಅಕ್ಷರದಲ್ಲಿ ಬರೆದೆ: ಕಂಬ ಇದೆ.

ಕೊನೆಯ ಬಸ್ಸು ಇನ್ನೂ ಬಂದಿರಲಿಲ್ಲ.
ಅದೇ ಕಂಬಕ್ಕೆ ಒರಗಿ
ಮೊಬೈಲಿನ ಬೆಳಕಿನಲ್ಲಿ ಫಾರಂ ಎಣಿಸಿದೆ.
ಅರವತ್ತು ಬೇಕು. ಗೈಡು ಕಟ್ಟುನಿಟ್ಟು.
ಐವತ್ತೇಳು. ಇನ್ನೊಮ್ಮೆ ಎಣಿಸಿದೆ. ಐವತ್ತೇಳು.

ವಾಲ್ ತಿರುವಲು ಬಂದ ಮೌಲಾಲಿ
ಕತ್ತಲಲ್ಲಿ ಸೈಕಲ್ಲು ನಿಲ್ಲಿಸಿ, ಬಹಳ ಮೆತ್ತಗೆ,
ಮನೆಯವನ ಹಾಗೆ ಕೇಳಿದ:
"ಎಷ್ಟು ಕಮ್ಮಿ ಬೀಳ್ಲತ್ತಾವ್ರಿ ಮೇಡಂ?"