ಸನ್ನೆ

ಇನ್‌ಫೆಂಟ್ರಿ ರಸ್ತೆಯ ಹಿಂದಿನ ಸಂದಿಯಲ್ಲಿ
ಕನ್ನಡಕದಂಗಡಿಗೂ ಜೆರಾಕ್ಸಿಗೂ ನಡುವೆ
ಮೂರು ಮೆಟ್ಟಿಲಿಳಿದರೆ
ಜಹೀರುದ್ದೀನ್ ಸಾಹೇಬರ ಬಂದೂಕಿನಂಗಡಿ.
ಒಳಗೆ ಎಣ್ಣೆಯ ವಾಸನೆ.
ನಮ್ಮ ಮನೆಯ ಹೊಲಿಗೆ ಮಿಷನ್ನಿನದೇ.

"ಯಾರಿಗಮ್ಮಾ?"
"ನನಗೇ."
ಅವರ ಕನ್ನಡಕ ಹಣೆಗೇರಿತು. "ಯಾತಕ್ಕೆ?"
"ತಗಡಿಗೆ. ನೂರು ಗಜದಾಚೆ ತೂಗುಹಾಕಿದ ತಗಡಿಗೆ."
ಲೈಸೆನ್ಸ್ ಮುಂದಿಟ್ಟೆ. ಎರಡು ವರ್ಷ, ಏಳು ಸಹಿ,
ಅರವತ್ತೊಂದಕ್ಕೆ ಇದೆಂಥ ಖಯಾಲಿ ಎಂದು
ನಗದೇ ಇದ್ದ ಒಬ್ಬನೇ ಒಬ್ಬ ಇನ್‌ಸ್ಪೆಕ್ಟರು.

ಮೊದಲು ಇಳಿಸಿದ್ದು ಬೋಲ್ಟಿನದು.
ಅದರ ಕಿವಿ ಬಲಕ್ಕೆ.
ಕತ್ತರಿಯೂ ಬಲಕ್ಕೆ, ಕಾಲೇಜಿನ ಕುರ್ಚಿಯ ಹಲಗೆಯೂ ಬಲಕ್ಕೆ,
ತೀರ್ಥಕ್ಕೆ ಚಾಚಬೇಕಾದದ್ದೂ ಅದೇ.
ನಾನು ಎಡಚಿ.

ಎಪ್ಪತ್ತೊಂಬತ್ತರಲ್ಲಿ, ಎನ್.ಸಿ.ಸಿ. ಮೈದಾನದಲ್ಲಿ,
ಹವಾಲ್ದಾರ ನನ್ನ ಎಡಗೈಗೆ ಕರ್ಚೀಫು ಕಟ್ಟಿ
"ಇದು ಈಗ ರಜಾದಲ್ಲಿದೆ" ಅಂದಿದ್ದ.
ಬಲಭುಜಕ್ಕೆ ತ್ರೀ ನಾಟ್ ತ್ರೀ ಒದ್ದದ್ದು
ರಾತ್ರಿಗೆ ನೇರಳೆ, ಮೂರನೆಯ ದಿನಕ್ಕೆ ಹಸಿರು.
ಅಮ್ಮ ಅರಿಸಿನ ಹಚ್ಚುತ್ತಾ
"ಯಾರು ಹೊಡೆದರೇ?" ಎಂದಳು.
"ಸರ್ಕಾರ" ಅಂದೆ.

ಬಂದೂಕಿಗೆ ಕುದುರೆ ಕಟ್ಟಿದ ಭಾಷೆ ನಮ್ಮದು.
ಕುದುರೆ ಅಂದಮೇಲೆ ಒದೆಯದೇ ಇದ್ದೀತೆ?

"ಹಾಗಾದರೆ ಲಿವರಿನದು" ಎಂದು
ಸಾಹೇಬರು ಒಳಗಿನ ಬೀರುವಿಗೆ ಬೀಗದಕೈ ಹಾಕಿದರು.
ಹೊಟ್ಟೆಯ ಕೆಳಗೊಂದು ಕಬ್ಬಿಣದ ಬಳೆ,
ಎಡವನ್ನೂ ಬಲವನ್ನೂ ಕೇಳದೆ
ನಟ್ಟನಡುವೆ ಕೂತಿದೆ.
ಸನ್ನೆ ಅಂತಾರಲ್ಲ ಅದಕ್ಕೆ.
ಬಾವಿಕಟ್ಟೆಯ ಕಲ್ಲು ಎಬ್ಬಿಸುವುದೂ ಸನ್ನೆ,
ತುಂಬಿದ ಮನೆಯಲ್ಲಿ ಒಬ್ಬರನ್ನೇ ಎಬ್ಬಿಸುವುದೂ.

ಇನ್ನು ತೋಟಾದ ಮಾತು.
ಅಂಗಡಿಯಲ್ಲಿ ಹಾರಿಸಿ ತೋರಿಸುವಂತಿಲ್ಲ;
ಅದಕ್ಕೇ ಅಂತೋಣಿಯ ಭುಜ ಇದೆ.
"ಇದು ಟೂಟೂ" ಒಂದು ಬೆರಳಿನಿಂದ ತಟ್ಟಿದರು,
ಅಂತೋಣಿ ಬಿಲ್ಲು ಬರೆಯುವುದು ನಿಲ್ಲಿಸಲಿಲ್ಲ.
"ಇದು ಥರ್ಟಿ-ಥರ್ಟಿ" ಮುಷ್ಟಿ.
ಅಂತೋಣಿಯ ಪೆನ್ನು ಗೆರೆ ದಾಟಿತು.
"ಹನ್ನೆರಡು ಬೋರು ಬೇಡ, ಇವನಿಗೆ ಮಕ್ಕಳಿದ್ದಾರೆ."

ನನ್ನ ಎಡಭುಜ ಹೋದ ವರ್ಷ ಕಟ್ಟಿಕೊಂಡಿತ್ತು,
ಎರಡು ಸೂಜಿ, ನಲವತ್ತು ದಿನ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ.
ಹೇಳಿದೆ. "ಹಾಗಾದರೆ ಟೂಟೂನೇ" ಅಂದರು.
ಆದರೂ...
ಏನೂ ಒದೆಯದಿದ್ದರೆ
ಸಿಡಿದದ್ದು ಮೈಗೆ ಗೊತ್ತಾಗುವುದು ಹೇಗೆ, ಸಾಹೇಬರೇ?

ಅವರು ನನ್ನನ್ನು ಮೊದಲ ಸಲ ನೆಟ್ಟಗೆ ನೋಡಿದರು.
ಮತ್ತೊಂದು ತಂದರು.
"ತ್ರೀ ಫಿಫ್ಟಿಸೆವೆನ್. ಕೈಬಂದೂಕಿನ ತೋಟಾ, ರೈಫಲಿನ ಮೈ.
ಮೈ ಭಾರ ಇದ್ದಷ್ಟೂ ಸೈರಣೆ ಜಾಸ್ತಿ,
ಹಿಂದೆ ರಬ್ಬರು ಹಾಕಿಸಿಕೊಡ್ತೀನಿ.
ಇದು ಒದೆಯೋಲ್ಲ, ದೂಡತ್ತೆ."
ಅಂತೋಣಿಯ ಭುಜಕ್ಕೆ ಅಂಗೈ ಬಿಡಿಸಿ ಒತ್ತಿದರು:
ಶಿವಾಜಿನಗರದ ಬಸ್ಸಿನಲ್ಲಿ
ಇಳಿಯುವ ಅವಸರದವರು ಹಿಂದಿನಿಂದ ಒತ್ತುವಷ್ಟು.
ಅಷ್ಟನ್ನು ಮೂವತ್ತೈದು ವರ್ಷ ತಡೆದಿದ್ದೇನೆ,
ಒಂದು ಕೈಯಲ್ಲಿ ಊಟದ ಡಬ್ಬಿ ಹಿಡಿದು.

"ತೋಟಾ ದುಬಾರಿ. ಸಿಗೋದೂ ಕಷ್ಟ."
"ತಿಂಗಳಿಗೆ ಹತ್ತು ಸಾಕು. ಯೋಚಿಸಿ ಹಾರಿಸ್ತೀನಿ."

ಖಾಲಿಯೆಂದು ತೆರೆದು ತೋರಿಸಿ ಕೈಗಿತ್ತರು.
ನಳಿಗೆಯನ್ನು ಗೋಡೆಯ ಮರಳುಚೀಲಕ್ಕೆ ತಿರುಗಿಸಿ
ಎಡಭುಜಕ್ಕೆ ಒತ್ತಿಕೊಂಡೆ, ಎಡಗೆನ್ನೆ ಮರಕ್ಕೆ,
ಎಡಗೈಯಿಂದ ಬಳೆಯನ್ನು ಕೆಳಗೆ ತಳ್ಳಿ, ಮೇಲಕ್ಕೆ.
ಚಟ್. ಚಟಕ್.
ಆ ಕೈಯಲ್ಲಲ್ಲ, ಎಂದು
ಯಾರೂ ಅನ್ನಲಿಲ್ಲ.

ರಿಜಿಸ್ಟರಿನಲ್ಲಿ ಸಹಿ.
ಪೆನ್ನಿನ ದಾರ ಮೇಜಿನ ಬಲಮೂಲೆಯ ಮೊಳೆಗೆ,
ಎಳೆದೆ, ನಾಲ್ಕು ಬೆರಳು ಸಾಲದೆ ನಿಂತಿತು.
ಸಾಹೇಬರು ಬಾಯಿ ತೆರೆಯಲಿಲ್ಲ,
ಹುಬ್ಬು ಒಂದಿಷ್ಟು ಎತ್ತಿದರು.
ಅಂತೋಣಿ ಬಗ್ಗಿ
ದಾರವನ್ನು ಹಲ್ಲಿನಿಂದ ಕಡಿದ.