ಹದಿನಾಲ್ಕನೇ ನಂಬರಿನ ಕತ್ತರಿ

ಮಂಗಳವಾರ ಬೆಳಗಿನ ಆರಕ್ಕೆ
ಹೋಬಾರ್ಟಿನ ಈ ಏರುಬೀದಿಗೆ ನನ್ನ ಕಸದ ಲಾರಿ.
ಇಪ್ಪತ್ತೆರಡು ವರ್ಷದಲ್ಲಿ ಒಂದು ಬಾಗಿಲೂ ತಟ್ಟಿದವನಲ್ಲ,
ಆದರೂ ಯಾರು ಕುಡಿತ ಬಿಟ್ಟರು, ಯಾರು ಮತ್ತೆ ಹಿಡಿದರು,
ಯಾರ ಮನೆಗೆ ಕೂಸು ಬಂತು, ಯಾರ ಮಂಚ ಎರಡಾಯಿತು,
ಡಬ್ಬಿ ಮಗುಚಿದರೆ ಸಾಕು.

ಹದಿನಾಲ್ಕನೇ ನಂಬರು ಮಾತ್ರ ಬಗೆಹರಿಯಲಿಲ್ಲ.
ಗಾಳಿಗೆ ಡಬ್ಬಿ ಉರುಳಿದ್ದ ದಿನ ಕೈಯಾರೆ ಬಾಚಿದೆ:
ದುಂಡಗಿದ್ದದ್ದೆಲ್ಲ ಕತ್ತರಿಸಿತ್ತು.
ಹಾಲಿನ ಬಾಟಲಿಯ ಕೊರಳಪಟ್ಟಿ, ಟಪಾಲಿನ ರಬ್ಬರು,
ಜಾಡಿ ಮುಚ್ಚಳದ ವಾಷರು,
ಕ್ರಿಸ್‌ಮಸ್ ಹಾರದ ತಂತಿ ಕೂಡ.
ಯಾರ ಮೇಲಿನ ಸಿಟ್ಟೋ ಪಾಪ, ಅಂದುಕೊಂಡೆ.

ಐಲ್ಸಾ ಪ್ರಾಟ್, ಎಂಬತ್ತು ದಾಟಿದವಳು,
ಮಲಗುವ ಬಟ್ಟೆಯಲ್ಲೇ ಬಂದು ನನ್ನ ಜೊತೆ ಬಗ್ಗಿದಳು.
‘ನಿನ್ನ ಲಾರಿಯಿಂದ ಒಂದು ಹಾರಿದರೆ ಆಯಿತಲ್ಲ ಮಾರಾಯ,
ಮೊದಲು ಚರಂಡಿ, ಮಳೆ ಬಂದರೆ ತೊರೆ.
ತೊರೆಯೊಳಗೆ ಪ್ಲಾಟಿಪಸ್ಸು ಕಣ್ಣು ಮುಚ್ಚಿಯೇ ಮುಳುಗುತ್ತದೆ,
ಮೂತಿ ತೋರಿಸಿದ ಕಡೆ ಹೋಗುತ್ತದೆ.
ಕೊರಳಿಗೊಂದು ಉರುಳು ಬಿದ್ದರೆ
ತೆಗೆಯಲು ಅದಕ್ಕೆ ಬೆರಳೆಲ್ಲಿದೆ?’

ಸೇತುವೆಯ ಕೆಳಗೆ ಒಂದು ಸಿಕ್ಕಿತ್ತಂತೆ ಅವಳಿಗೆ.
ಭುಜದವರೆಗೂ ಕೊಯ್ದಿತ್ತಂತೆ.
ಕೂದಲಿಗೆ ಕಟ್ಟುವ ಬ್ಯಾಂಡು, ನೇರಳೆ ಬಣ್ಣದ್ದು.
‘ನನ್ನ ಮೊಮ್ಮಗಳ ಬಣ್ಣ.
ಅವಳದೇ ಅಂತಲ್ಲ.’
ಸ್ವಲ್ಪ ಹೊತ್ತು ಬಿಟ್ಟು,
‘ಅಲ್ಲ ಅಂತಲೂ ಅಲ್ಲ.’

ಡಬ್ಬಿಯ ಪಕ್ಕ ಮೊಳೆಗೆ ಸೆಣಬಿನ ದಾರ,
ದಾರದ ತುದಿಗೆ ಕತ್ತರಿ, ತುಕ್ಕು ಹಿಡಿದದ್ದು.
ನಕ್ಕೆ, ಒಳಗೊಳಗೇ.
ಇಡೀ ಗುಡ್ಡದ ಚರಂಡಿಗೆ ಇದೊಂದು ಕತ್ತರಿ!
ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಜುಲೈ. ಬೆಟ್ಟದ ತುದಿಯಲ್ಲಿ ಹಿಮ.
ಗೇಟಿನ ಬಳಿ ನಿಂತಿದ್ದಳು, ಕೈಗೆ ಬಿಳಿ ಬಟ್ಟೆ ಸುತ್ತಿತ್ತು.
ಬೆರಳು ಊದಿ ನೀಲಿಗಟ್ಟಿತ್ತಂತೆ,
ಐವತ್ತೊಂಬತ್ತು ವರ್ಷ ಸೋಪಿಗೂ ಎಣ್ಣೆಗೂ ಜಗ್ಗದ ಉಂಗುರವನ್ನು
ನರ್ಸು ಹುಡುಗಿ ಎರಡು ನಿಮಿಷಕ್ಕೆ ಕೊಯ್ದಳಂತೆ.
ಅಂಗೈ ಬಿಚ್ಚಿ ತೋರಿಸಿದಳು. ಬಾಯಿ ತೆರೆದ ಚಿನ್ನ.
‘ನೋಡು, ಇದರಿಂದಲೂ ಇನ್ನು ಯಾರಿಗೂ ಭಯವಿಲ್ಲ.’
ನಗುತ್ತಿದ್ದಳು. ಚಳಿಗೆ ಕಣ್ಣಲ್ಲಿ ನೀರು.
ಹಾಗಂತ ಅದನ್ನು ಡಬ್ಬಿಗೆ ಹಾಕಲಿಲ್ಲ,
ಜೇಬಿಗಿಟ್ಟು ಗುಂಡಿ ಹಾಕಿಕೊಂಡಳು.

ಇಳಿಜಾರು ಮುಗಿಯುವಲ್ಲಿ ಸೇತುವೆ.
ಲಾರಿ ನಿಲ್ಲಿಸಬಾರದ ಜಾಗ, ನಿಲ್ಲಿಸಿದೆ.
ಕೋಟಿನ ಜೇಬಿನಲ್ಲಿ ನನ್ನ ಮಗಳ ಬ್ಯಾಂಡು ಮೂರು,
ಈಜಿಗೆ ಬಿಟ್ಟು ಬರುವಾಗ ಪ್ರತಿಸಲ ನನ್ನ ಕೈಗೆ ತುರುಕುವಂಥವು.
ಚಾಕು ತೆಗೆದೆ. ಎರಡು ಸಲೀಸು.
ಮೂರನೆಯದು ಎಳೆದಷ್ಟೂ ಎಳೆಯಿತು,
ಹಲ್ಲಿನಿಂದ ಕಚ್ಚಿದೆ. ಕ್ಲೋರಿನ್ನಿನ ರುಚಿ.

ಎಂಜಿನು ಆರಿಸಿ ಕೆಳಗೆ ನೋಡಿದೆ.
ಕಂದು ನೀರಿನ ಮೇಲೆ ಉಂಗುರವೊಂದು ಎದ್ದಿತು,
ಅಗಲವಾಯಿತು, ಇನ್ನೂ ಅಗಲ,
ಕತ್ತರಿಯ ಹಂಗಿಲ್ಲದೆ ತಾನೇ ಬಿಚ್ಚಿಕೊಂಡಿತು.
ಅದೇ ಇರಬಹುದು.
ಹನಿ ಬಿದ್ದದ್ದೂ ಇರಬಹುದು, ಮೋಡವಿತ್ತು.
ಇನ್ನೊಂದು ಏಳಲಿ ಎಂದು ಕಾದೆ.
ಹಿಂದಿನ ಕಾರಿನವನು ಹಾರ್ನು ಒತ್ತಿದ.